ಒಂದೂ ಬೀಳದ ವರ್ಷ

ಆ ವರ್ಷದ ಲೆಕ್ಕ ಕೇಳಿದಿರಿ, ಹೇಳುತ್ತೇನೆ, ಮುಚ್ಚಿಡುವುದೇನು:
ಹದಿನೇಳು ಭಾನುವಾರ, ಒಂಬತ್ತು ಬಾಣ,
ಒಂದು ಕೆಮ್ಮು,
ಕೊನೆಗೆ ಸೊನ್ನೆ.

ಪೋರ್ಚುಗೀಸರು ಹೋಗಿ ಐದನೆಯ ವರ್ಷ.
ರಿವಣದ ಆಚೆ ಹೊಸ ಗಣಿ.
ಆರು ದಿನ ಕೆಂಪು ಬಂಡೆಗೆ ತೂತು ಕೊರೆಯುವುದು ನನ್ನ ಕೆಲಸ,
ಏಳನೆಯ ದಿನ ಪುನೋ ವೇಳಿಪನ ಬೆನ್ನು ಹಿಡಿದು
ಕಾಡು ಹೊಗುವುದು.
ಬಂದೂಕು ಭಾಟಕಾರನದು, ಲೈಸೆನ್ಸೂ ಅವನದೇ.
ನಮ್ಮದು ಬಿದಿರಿನ ಬಿಲ್ಲು,
ಪುನೋನ ಅಜ್ಜ ಒಲೆಯ ಮೇಲಿನ ಅಟ್ಟದಲ್ಲಿ
ಮೂರು ಮಳೆಗಾಲ ಹೊಗೆ ಕುಡಿಸಿದ್ದು.

ದಸರೆ ಕಳೆದ ಮೊದಲ ಭಾನುವಾರ
ಹೆದೆ ಇಬ್ಬನಿಗೆ ನೆನೆದು
ಹಳೇ ಚಡ್ಡಿಯ ಲಾಡಿಯ ಹಾಗೆ ಜೋತಿತು.
ಎರಡನೆಯದು, ಗಾಳಿ ತಿರುಗಿತು.
ಮೂರನೆಯ ವಾರ ಮತ್ತಿಮರದ ಮುಸುವ
ಸಾಲ ಕೊಟ್ಟವನಂತೆ ಕೂಗಿ ಕೂಗಿ
ಇಡೀ ಕಣಿವೆಗೆ ನಮ್ಮ ಸುದ್ದಿ ಮುಟ್ಟಿಸಿತು.
ನಾಲ್ಕು, ಐದು ನೆನಪಿಲ್ಲ. ಸೊಳ್ಳೆ ನೆನಪಿದೆ.
ಆರರಂದು ಉಚ್ಚೆ ಹೊಯ್ಯಲು ಇಳಿದೆ ನೋಡಿ,
ಮರಳಿ ಬರುವಷ್ಟರಲ್ಲಿ
ನೆಲ್ಲಿಮರದ ಬುಡದಲ್ಲಿ ಹಸಿ ಗೊರಸು,
ಜಗಿದು ಉಗುಳಿದ ಬೀಜ,
ಜೊಲ್ಲು ಇನ್ನೂ ಆರಿರಲಿಲ್ಲ.
ಪುನೋ ಬೈಯಲಿಲ್ಲ.
ಒಂದು ಬೀಜ ಎತ್ತಿ ನನ್ನ ಅಂಗೈಗಿಟ್ಟ:
'ತಗೋ ಇನಾಸ, ನಿನ್ನ ಪಾಲು.'

ಮನೆಯಲ್ಲಿ ಲುರ್ದಿನಾ
ಭಾನುವಾರ ಭಾನುವಾರ ಮೆಣಸು ಅರೆದಿಡುತ್ತಿದ್ದಳು.
ಡಿಸೆಂಬರಿನ ಹೊತ್ತಿಗೆ
ನನ್ನ ಮುಖ ಕೂಡ ನೋಡದೆ
ಒಣಸಿಗಡಿಗೆ ಸುರಿಯತೊಡಗಿದಳು.
ಪೂಜೆ ತಪ್ಪಿಸಿದವನ ಬಾಣ ಎಲ್ಲಿ ನಾಟೀತು
ಎಂದು ಪಾದ್ರಿ ಹೇಳಿ ಕಳಿಸಿದರು.
ಹೆಂಡದಂಗಡಿಯಲ್ಲಂತೂ,
'ಏನೋ ಹಳಿಯಾಳ, ಕಡವೆ ನಿನ್ನ ನೋಡಿ
ಇವತ್ತೂ ನಕ್ಕು ಹೋಯಿತೋ?'

'ನಿನ್ನ ಮೈಯಲ್ಲಿ ಕಬ್ಬಿಣ ನಾರುತ್ತದೆ,' ಪುನೋ ಅಂದ.
ಹೊಳೆಗಿಳಿದು ಮರಳಿನಲ್ಲಿ ತಿಕ್ಕಿಕೊಂಡೆ,
ಲಕ್ಕಿ ಸೊಪ್ಪು ಉಜ್ಜಿಕೊಂಡೆ.
ನೀರು ಕೆಂಪಗೆ ಹರಿಯಿತು.
ಎಷ್ಟು ಹೊತ್ತು ನಿಂತರೂ ಕೆಂಪಗೆ.
ಆ ದಿನವೇ ಕೆಮ್ಮು ಬಂದದ್ದು,
ಎದೆಯೊಳಗಿನ ಧೂಳು,
ತಡೆಯಲು ಕಂಬಳಿ ಕಚ್ಚಿದೆ, ಆಗಲಿಲ್ಲ.

ಇನ್ನು ಕೊನೆಯದು. ಶಿಗಮೋಗೆ ಮೂರು ದಿನ.
ಪುನೋ ಜ್ವರ ಬಂದು ಮಲಗಿದ್ದ, ನಾನೊಬ್ಬನೇ.
ಬೆಳಕು ಹರಿಯುವ ಮುಂಚೆ ಬಂತು,
ಹನ್ನೆರಡು ಹೆಜ್ಜೆ ದೂರ, ಅಡ್ಡಕ್ಕೆ ನಿಂತು.
ಹೆಗಲ ಹಿಂದೆ ಕೂದಲು ಸುಳಿದಿರುವ ಜಾಗ ಕೂಡ ಕಾಣುತ್ತಿತ್ತು.
ಗಾಳಿ ನನ್ನ ಕಡೆಗೆ. ಹೆದೆ ಒಣಗಿತ್ತು.
ಎಳೆದೆ.
ಕಿವಿಯವರೆಗೆ ಎಳೆದೆ,
ಆಗ ಕೈ ತಾನಾಗಿ ಗಣಿಗೆ ಹೋಯಿತು.
ಹೇಗೆ ಹೇಳಲಿ,
ಬೆರಳು ಬೆಳ್ಳಗಾಗಿ ಕೊರೆಯತೊಡಗಿತು,
ಕೊರೆಯುವ ಮಿಶನ್ನೇ ಮೊಣಕೈಯಲ್ಲಿ ಕೂತಂತೆ,
ಬಾಣ ಬಿಲ್ಲಿಗೆ ಬಡಿಯುತ್ತಾ
ಟಕ ಟಕ ಟಕ ಟಕ.

ಅದು ತಲೆಯೆತ್ತಿ ನೋಡಿತು.
ಬೆದರಲಿಲ್ಲ.
ಓ ಇದೇ ಸದ್ದೇ,
ದಿನಾ ಗುಡ್ಡದ ಆಚೆ ಕೇಳುವುದಲ್ಲವೇ ಎಂಬಂತೆ
ಒಂದು ಕಿವಿ ತಿರುಗಿಸಿ
ನಡೆದು ಹೋಯಿತು.
ಓಡಿದ್ದರೆ ಮರೆತುಬಿಡುತ್ತಿದ್ದೆನೇನೋ.

ಆಮೇಲೆ ಕಾನೂನು ಬಂತು, ಬಿಲ್ಲು ಅಟ್ಟಕ್ಕೆ ಹೋಯಿತು,
ಗೆದ್ದಲು ತಿಂದಿತು.
ಪುನೋ ತೀರಿಕೊಂಡು ಹನ್ನೊಂದು ವರ್ಷ.
ಆ ನೆಲ್ಲಿಮರ ಎಲ್ಲಿ ಎಂದು ಮೊಮ್ಮಗ ಕೇಳುತ್ತಾನೆ.
ಮರ ಬಿಡು, ಅದು ನಿಂತಿದ್ದ ಗುಡ್ಡವನ್ನೇ
ತೂತು ತೂತಾಗಿ ಕೊರೆದು, ಸಿಡಿಸಿ,
ಲಾರಿಗೆ, ಲಾರಿಯಿಂದ ಬಾರ್ಜಿಗೆ ತುಂಬಿದವರು ನಾವು.
ಗುರಿ ತಪ್ಪಿದ್ದು ಒಂದು ದಿನವೂ ಇಲ್ಲ.
ಈಗ ಅಲ್ಲಿ ಹಸಿರು ನೀರಿನ ಗುಂಡಿ,
ಆಳ ಎಷ್ಟೋ.

ಬೆಳಿಗ್ಗೆ ಚಹಾ ಕುಡಿಯುವಾಗ
ಬಸಿಯ ಮೇಲೆ ಕಪ್ಪು ಟಕ ಟಕ ಅನ್ನುತ್ತದೆ.
ಹೊಸ್ತಿಲ ಬೆಕ್ಕು ಒಂದು ಕಿವಿ ತಿರುಗಿಸಿ
ನನ್ನನ್ನು ನೋಡುತ್ತದೆ,
ಮತ್ತೆ ಮಲಗುತ್ತದೆ.